ಹಳೆಯ ಲ್ಯಾಪ್‌ಟಾಪ್ ಕೈಕೊಟ್ಟಾಗ: ದುರಸ್ತಿಯೋ, ಕಂಪನಿಯಿಂದ ಹೊರಬಂದ ಯಂತ್ರವೋ, ಹೊಸದೋ?

ನಮ್ಮ ಮನೆಗಳಲ್ಲಿ ಮತ್ತು ಸಣ್ಣ ಕಚೇರಿಗಳಲ್ಲಿ ಈಗ ಕೊನೆಗಾಲಕ್ಕೆ ಬಂದಿರುವ ಲ್ಯಾಪ್‌ಟಾಪ್‌ಗಳಲ್ಲಿ ಒಂದು ಅಚ್ಚು ಪದೇಪದೇ ಕಣ್ಣಿಗೆ ಬೀಳುತ್ತದೆ. 2016 ಅಥವಾ 2017ರಲ್ಲಿ ಕೊಂಡದ್ದು; ಒಳಗೆ ಇಂಟೆಲ್‌ನ ಏಳನೆಯ ಪೀಳಿಗೆಯ ಐ5-7200ಯು ಪ್ರೊಸೆಸರ್ ಅಥವಾ ಅದಕ್ಕಿಂತ ಕೆಳಗಿನ ಐ3; 4 ಜಿಬಿ, ಹೆಚ್ಚೆಂದರೆ 8 ಜಿಬಿ ರ‍್ಯಾಮ್; 1 ಟಿಬಿಯ ತಿರುಗುವ ಹಾರ್ಡ್ ಡಿಸ್ಕ್; ಚಾರ್ಜರ್ ಕಿತ್ತರೆ ಅರ್ಧ ಗಂಟೆಯೂ ನಿಲ್ಲದ ಬ್ಯಾಟರಿ. ಇದರ ಮೇಲೆ, 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿದಿದೆ, ಮತ್ತು ಈ ಪ್ರೊಸೆಸರುಗಳು ವಿಂಡೋಸ್ 11ಕ್ಕೆ ಅರ್ಹವಾದವುಗಳ ಪಟ್ಟಿಯಲ್ಲಿ ಇಲ್ಲ. 2017ರ ಆಗಸ್ಟ್‌ನಲ್ಲಿ ಬಂದ ಎಂಟನೆಯ ಪೀಳಿಗೆಯ ಐ5-8250ಯು ಆ ಪಟ್ಟಿಯಲ್ಲಿದೆ. ಏಳಕ್ಕೂ ಎಂಟಕ್ಕೂ ನಡುವಿನ ಅಂತರ ಕೇವಲ ಕಾಗದದ ಮೇಲಿನದಲ್ಲ: 7200ಯುನಲ್ಲಿ ಇದ್ದದ್ದು ಎರಡು ಕೋರ್ (ಏಕಕಾಲಕ್ಕೆ ಕೆಲಸ ಮಾಡುವ ಘಟಕ), 8250ಯುನಲ್ಲಿ ನಾಲ್ಕು. ಮುಂದಿನ ಹೋಲಿಕೆಯನ್ನೆಲ್ಲ ಇಂಥ ಯಂತ್ರವೊಂದನ್ನು ಎದುರಿಗಿಟ್ಟುಕೊಂಡೇ ಮಾಡಿದ್ದೇನೆ, ಏಕೆಂದರೆ ‘ಯಾವ ಲ್ಯಾಪ್‌ಟಾಪ್ ಒಳ್ಳೆಯದು’ ಎಂಬ ಪ್ರಶ್ನೆಗೆ ‘ಯಾವುದರ ಬದಲಿಗೆ’ ಎಂದು ಕೇಳದೆ ಉತ್ತರ ಕೊಡಲು ಬರುವುದಿಲ್ಲ.

ಅಂಗಡಿಗೆ ಹೋದವರು ಸಾಮಾನ್ಯವಾಗಿ ಒಂದು ಬ್ರ್ಯಾಂಡನ್ನು ಇನ್ನೊಂದರ ಜೊತೆ ತೂಗುತ್ತಾರೆ. ಅದು ಎರಡನೆಯ ಪ್ರಶ್ನೆ. ಮೊದಲು ಆಯ್ದುಕೊಳ್ಳಬೇಕಾದದ್ದು ದಾರಿಯನ್ನು: ಇರುವುದನ್ನೇ ಸರಿಪಡಿಸಿಕೊಳ್ಳುವುದು, ದೊಡ್ಡ ಕಂಪನಿಗಳು ಮೂರು ನಾಲ್ಕು ವರ್ಷ ಬಳಸಿ ಬಿಟ್ಟ ಗಟ್ಟಿಮುಟ್ಟಾದ ಯಂತ್ರವನ್ನು ಕೊಳ್ಳುವುದು, ಅಥವಾ ಪೆಟ್ಟಿಗೆ ಒಡೆಯದ ಹೊಸದನ್ನು ತರುವುದು.

ಮೊದಲು ಕಾಯಿಲೆ ಯಾವುದೆಂದು ತಿಳಿಯಬೇಕು

‘ಲ್ಯಾಪ್‌ಟಾಪ್ ನಿಧಾನವಾಗಿದೆ’ ಎಂಬ ದೂರಿನ ಹಿಂದೆ ಹಳೆಯ ಯಂತ್ರಗಳಲ್ಲಿ ಬಹಳ ಸಲ ಇರುವುದು ಹಾರ್ಡ್ ಡಿಸ್ಕ್. ತಿರುಗುವ ತಟ್ಟೆಯ ಮೇಲೆ ಓದುವ ತುದಿ ಅತ್ತಿಂದಿತ್ತ ಸರಿದು ಮಾಹಿತಿ ಹುಡುಕುವುದಕ್ಕೆ ಪ್ರತಿ ಸಲವೂ ಹಲವು ಮಿಲಿಸೆಕೆಂಡುಗಳು ಬೇಕು. ಅದರ ಬದಲಿಗೆ ಬಂದ, ಚಿಪ್ಪುಗಳಲ್ಲಿ ಮಾಹಿತಿ ಇಡುವ ಎಸ್‌ಎಸ್‌ಡಿಯಲ್ಲಿ ಸರಿಯುವ ಭಾಗವೇ ಇಲ್ಲದ್ದರಿಂದ ಅದೇ ಕೆಲಸ ಮಿಲಿಸೆಕೆಂಡಿನ ಒಂದು ಚೂರಿನಲ್ಲಿ ಮುಗಿಯುತ್ತದೆ. ವಿಂಡೋಸ್ ಏಳುವಾಗ ಸಾವಿರಾರು ಚಿಕ್ಕ ಕಡತಗಳನ್ನು ಓದಬೇಕಾಗುವುದರಿಂದ ವ್ಯತ್ಯಾಸ ಅಲ್ಲಿಯೇ ಎದ್ದು ಕಾಣುತ್ತದೆ. 2.5 ಇಂಚಿನ ಸಾಟಾ ಎಸ್‌ಎಸ್‌ಡಿಯನ್ನು ಹಾರ್ಡ್ ಡಿಸ್ಕಿನ ಜಾಗಕ್ಕೇ ಕೂರಿಸಬಹುದು, ಸ್ಕ್ರೂಡ್ರೈವರ್ ಹಿಡಿದು ರೂಢಿಯಿದ್ದವರಿಗೆ ಅದು ಅರ್ಧ ಗಂಟೆಯ ಕೆಲಸ. ಜೊತೆಗೆ ರ‍್ಯಾಮ್ 4ರಿಂದ 8 ಜಿಬಿಗೆ ಏರಿದರೆ, ಪತ್ರ ಟೈಪು ಮಾಡುವ, ಬ್ಯಾಂಕಿನ ಜಾಲತಾಣ ನೋಡುವ ಮನೆಗೆ ಅಷ್ಟೇ ಸಾಕಾಗಬಹುದು.

ಆದರೆ ಇಲ್ಲಿ ಎರಡು ತಡೆಗಳಿವೆ. ಕೃತಕ ಬುದ್ಧಿಮತ್ತೆಯ ಸರ್ವರುಗಳು ಮೆಮೊರಿ ಚಿಪ್ಪುಗಳನ್ನು ಬಾಚಿಕೊಳ್ಳುತ್ತಿರುವುದರಿಂದ 2025ರ ಕೊನೆಯ ತಿಂಗಳುಗಳಿಂದ ರ‍್ಯಾಮಿನ ಬೆಲೆ ಮೇಲೇರಿದೆ. ಹಿಂದೆ ಕಣ್ಣುಮುಚ್ಚಿ ಕೊಡುತ್ತಿದ್ದ ‘ರ‍್ಯಾಮ್ ಹಾಕಿಸಿ’ ಎಂಬ ಸಲಹೆಯನ್ನು ಈಗ ಬೆಲೆ ಕೇಳಿಯೇ ಕೊಡಬೇಕು. ಎರಡನೆಯದು ವಿಂಡೋಸ್. ಮನೆಬಳಕೆದಾರರಿಗೆ ವಿಂಡೋಸ್ 10ರ ವಿಸ್ತೃತ ಭದ್ರತಾ ಅಪ್‌ಡೇಟುಗಳು 2026ರ ಅಕ್ಟೋಬರ್ 13ರವರೆಗೆ ಎಂದು ಮೈಕ್ರೋಸಾಫ್ಟ್ ಪ್ರಕಟಿಸಿತ್ತು. ಮೈಕ್ರೋಸಾಫ್ಟ್ ಖಾತೆಯಿಂದ ಪ್ರವೇಶಿಸಿ ಸೆಟ್ಟಿಂಗುಗಳನ್ನು ಬ್ಯಾಕಪ್ ಮಾಡಿಕೊಂಡವರಿಗೆ ಅದಕ್ಕೆ ಹಣವನ್ನೂ ಕೇಳಿರಲಿಲ್ಲ. ಇದು ಕಾಲಾವಕಾಶವೇ ಹೊರತು ಪರಿಹಾರವಲ್ಲ. ಅರ್ಹತೆಯ ತಪಾಸಣೆಯನ್ನು ತಪ್ಪಿಸಿ ವಿಂಡೋಸ್ 11 ಹಾಕಿಕೊಡುವವರು ಎಲ್ಲ ಊರಿನಲ್ಲೂ ಇದ್ದಾರೆ. ಅಂಥ ಯಂತ್ರಕ್ಕೆ ಮುಂದಿನ ಅಪ್‌ಡೇಟುಗಳು ಬಂದೇ ಬರುತ್ತವೆಂಬ ಭರವಸೆಯನ್ನು ಮೈಕ್ರೋಸಾಫ್ಟ್ ಕೊಡುವುದಿಲ್ಲವಾದ್ದರಿಂದ ಲೆಕ್ಕಪತ್ರ ಇಡುವ ಯಂತ್ರದಲ್ಲಿ ಈ ಸಾಹಸ ಬೇಡ. ವಿಂಡೋಸ್ ಬದಲಿಗೆ ಲಿನಕ್ಸ್ ಎಂಬ ಉಚಿತ ಕಾರ್ಯಾಚರಣ ವ್ಯವಸ್ಥೆಯ ರೂಪಗಳಾದ ಲಿನಕ್ಸ್ ಮಿಂಟ್ 22 ಅಥವಾ ಉಬುಂಟು 24.04 ಹಾಕಿಕೊಂಡರೆ 2029ರವರೆಗೆ ಉಚಿತ ಬೆಂಬಲವಿದೆ, ಮತ್ತು 7200ಯುನಂತಹ ಪ್ರೊಸೆಸರಿನ ಮೇಲೆ ಎರಡೂ ಸಲೀಸಾಗಿ ಓಡುತ್ತವೆ.

ಬ್ಯಾಟರಿ ದುರ್ಬಲವಾಗಿದ್ದರೆ ಬದಲಿಸಬಹುದು, ಉಬ್ಬಿದ್ದರೆ ಬದಲಿಸಲೇಬೇಕು. ಟಚ್‌ಪ್ಯಾಡ್ ಒತ್ತಲು ಬಿಗಿಯಾಗಿದ್ದರೆ, ಕೆಳಗಿನ ಕವಚದ ಅಂಚು ಬಾಯಿ ಬಿಟ್ಟಿದ್ದರೆ, ಸಮತಟ್ಟಾದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೊಟ್ಟಿಲಿನಂತೆ ತೂಗಿದರೆ ಅದು ಉಬ್ಬಿದ ಬ್ಯಾಟರಿಯ ಲಕ್ಷಣ; ಆ ಕ್ಷಣದಿಂದ ಚಾರ್ಜ್ ಮಾಡುವುದನ್ನು ನಿಲ್ಲಿಸಬೇಕು, ಚುಚ್ಚಿ ನೋಡುವ ಕುತೂಹಲವಂತೂ ಕೂಡದು. ಹಿಂಜ್ (ಪರದೆ ತಿರುಗುವ ಕೀಲು) ಕಿತ್ತಿದ್ದರೆ ಲೆಕ್ಕ ಬೇರೆ. ಕಡಿಮೆ ಬೆಲೆಯ ಲ್ಯಾಪ್‌ಟಾಪ್‌ಗಳಲ್ಲಿ ಹಿಂಜಿನ ಸ್ಕ್ರೂಗಳು ಕೂರುವ ಹಿತ್ತಾಳೆಯ ಬಿಲ್ಲೆಗಳನ್ನು ಪ್ಲಾಸ್ಟಿಕ್ಕಿನಲ್ಲೇ ಹುದುಗಿಸಿರುತ್ತಾರೆ. ಆ ಪ್ಲಾಸ್ಟಿಕ್ ಒಮ್ಮೆ ಸೀಳಿತೆಂದರೆ ಅಂಟು ಹಾಕಿದ್ದು ಆರು ತಿಂಗಳು ಬಾಳಿದರೆ ಹೆಚ್ಚು. ಮದರ್‌ಬೋರ್ಡ್ ಹೋಗಿದ್ದರೆ, ಅಥವಾ ಚಹಾ ಚೆಲ್ಲಿ ಎರಡು ವಾರವಾದ ಮೇಲೆ ಒಂದೊಂದೇ ಪೋರ್ಟ್ ಸಾಯತೊಡಗಿದ್ದರೆ, ದುರಸ್ತಿಗೆ ಹಾಕುವ ಹಣ ಮೂಗಿಗಿಂತ ಮೂಗುತಿ ಭಾರ ಎನ್ನುವಂತಾಗುತ್ತದೆ. ನನ್ನ ಮಟ್ಟಿಗೆ ಒಂದು ಗೆರೆಯಿದೆ: ದುರಸ್ತಿಯ ಒಟ್ಟು ಖರ್ಚು, ಮುಂದೆ ಹೇಳುವ ಎರಡನೆಯ ದಾರಿಯ ಯಂತ್ರದ ಬೆಲೆಯ ಮೂರನೆಯ ಒಂದು ಭಾಗವನ್ನು ದಾಟಿದರೆ ಅಲ್ಲಿಗೆ ಕೈಬಿಡಬೇಕು.

ಯಾವ ಕೆಲಸಕ್ಕೆ ಕಟ್ಟುಬಿದ್ದಿದ್ದೀರಿ?

ಕರ್ನಾಟಕದಲ್ಲಿ ಲ್ಯಾಪ್‌ಟಾಪ್ ಬದಲಿಸುವವರಿಗೆ ಇಂಗ್ಲಿಷಿನ ಯಾವ ಖರೀದಿ ಕೈಪಿಡಿಯೂ ಹೇಳದ ಒಂದು ಕಟ್ಟುಪಾಡಿದೆ: ಕನ್ನಡ ಟೈಪಿಂಗ್. ಕನ್ನಡ ಗಣಕ ಪರಿಷತ್ತಿನ ‘ನುಡಿ’ ವಿಂಡೋಸಿಗೆಂದೇ ಬರೆದ ತಂತ್ರಾಂಶ, ‘ಬರಹ’ವೂ ಹಾಗೆಯೇ. ಸರ್ಕಾರಿ ಕಚೇರಿ, ಶಾಲೆ, ವಕೀಲರ ಕೊಠಡಿ, ಮುದ್ರಣಾಲಯಗಳಲ್ಲಿ ವರ್ಷಗಟ್ಟಲೆ ಕೂಡಿಹಾಕಿದ ಕಡತಗಳಲ್ಲಿ ಬಹಳಷ್ಟು ಯೂನಿಕೋಡ್‌ಗಿಂತ ಹಿಂದಿನ ಫಾಂಟುಗಳಲ್ಲಿವೆ (ಯೂನಿಕೋಡ್ ಎಂದರೆ ಎಲ್ಲ ಯಂತ್ರಗಳಿಗೂ ಸಾಮಾನ್ಯವಾದ ಅಕ್ಷರ ಸಂಕೇತ). ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಕನ್ನಡದ ಬದಲು ರೋಮನ್ ಅಕ್ಷರ ಮತ್ತು ಚಿಹ್ನೆಗಳ ಕಲಸುಮೇಲೋಗರ ಕಾಣುತ್ತದೆ. ಫಾಂಟನ್ನು ಮ್ಯಾಕ್‌ಗೂ ಲಿನಕ್ಸ್‌ಗೂ ಹಾಕಿ ಓದಬಹುದು. ಆದರೆ ಅದೇ ಕಡತದಲ್ಲಿ ದಿನವಿಡೀ ತಿದ್ದಬೇಕಾದವರು, ಪೇಜ್‌ಮೇಕರ್‌ನಲ್ಲಿ ಪುಟ ಕಟ್ಟುವವರು ವಿಂಡೋಸ್ ಬಿಡುವ ಯೋಚನೆ ಮಾಡದಿರುವುದೇ ಕ್ಷೇಮ.

ಯೂನಿಕೋಡ್‌ಗೆ ಬಂದವರಿಗೆ ಈ ಬೇಡಿ ಇಲ್ಲ. ಕೆ.ಪಿ. ರಾವ್ ಅವರ ವಿನ್ಯಾಸದ ಪರಂಪರೆಯ ‘ಕಗಪ’ ಕೀಲಿಮಣೆ ಲಿನಕ್ಸ್‌ನ ಕೀಲಿಮಣೆ ಪಟ್ಟಿಯಲ್ಲೇ ಇದೆ, ಬೇರೇನನ್ನೂ ಹೊರಗಿನಿಂದ ತರಬೇಕಿಲ್ಲ. ವಿಂಡೋಸ್ 10ಕ್ಕೆ 2019ರಲ್ಲಿ ಮೈಕ್ರೋಸಾಫ್ಟ್ ಸೇರಿಸಿದ ಭಾರತೀಯ ಭಾಷೆಗಳ ಫೊನೆಟಿಕ್ ಕೀಲಿಮಣೆಗಳಲ್ಲಿ ಕನ್ನಡವೂ ಇದ್ದು, ಅದು 11ರಲ್ಲೂ ಮುಂದುವರಿದಿದೆ. ಮ್ಯಾಕ್‌ನಲ್ಲಿಯೂ ಕನ್ನಡ ಕೀಲಿಮಣೆ ಅಂತರ್ಗತವಾಗಿದೆ, ಆದರೆ ನುಡಿಯಲ್ಲಿ ಪಳಗಿದ ಬೆರಳುಗಳು ಅಲ್ಲಿ ಮತ್ತೆ ಅಕ್ಷರಾಭ್ಯಾಸ ಮಾಡಬೇಕಾಗುತ್ತದೆ. ನಲವತ್ತು ದಾಟಿದ ಬೆರಳಚ್ಚುಗಾರರಿಗೆ ಇದು ಪ್ರೊಸೆಸರ್ ವೇಗಕ್ಕಿಂತ ದೊಡ್ಡ ವಿಷಯ.

ಇದೇ ಬಗೆಯ ಇನ್ನೆರಡು ಗಂಟುಗಳು ವ್ಯಾಪಾರಸ್ಥರಿಗಿವೆ. ಬೆಂಗಳೂರಿನಲ್ಲೇ ಹುಟ್ಟಿದ ಲೆಕ್ಕಪತ್ರದ ತಂತ್ರಾಂಶ ಟ್ಯಾಲಿ ನೇರವಾಗಿ ಓಡುವುದು ವಿಂಡೋಸ್ ಮೇಲೆ ಮಾತ್ರ. ಜಿಎಸ್‌ಟಿ ಮತ್ತು ಟೆಂಡರುಗಳಿಗೆ ಬಳಸುವ ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್‌ಗೆ ಅದರದೇ ಡ್ರೈವರ್ (ಉಪಕರಣವನ್ನು ವಿಂಡೋಸ್ ಜೊತೆ ಬೆಸೆಯುವ ತಂತ್ರಾಂಶ) ಬೇಕು. 2024ರ ಜೂನ್‌ನಿಂದ ಮಾರುಕಟ್ಟೆಯಲ್ಲಿರುವ, ಬ್ಯಾಟರಿ ಬಾಳಿಕೆಗೆ ಹೆಸರಾದ ಸ್ನ್ಯಾಪ್‌ಡ್ರ್ಯಾಗನ್ ಎಕ್ಸ್ ಲ್ಯಾಪ್‌ಟಾಪ್‌ಗಳು ಇಲ್ಲಿಯೇ ಎಡವುವುದು: ಅವುಗಳಲ್ಲಿರುವುದು ಇಂಟೆಲ್‌ಗಿಂತ ಬೇರೆ ಬಗೆಯ ಆರ್ಮ್ ಪ್ರೊಸೆಸರ್; ಅವುಗಳಲ್ಲಿನ ವಿಂಡೋಸ್, ಇಂಟೆಲ್‌ಗಾಗಿ ಬರೆದ ಸಾಮಾನ್ಯ ತಂತ್ರಾಂಶಗಳನ್ನು ಅನುಕರಿಸಿ ಓಡಿಸುತ್ತದೆ, ಆದರೆ ಡ್ರೈವರುಗಳನ್ನು ಹಾಗೆ ಓಡಿಸಲಾಗುವುದಿಲ್ಲ. ತಯಾರಕರು ಆರ್ಮ್ ಪ್ರೊಸೆಸರಿಗಾಗಿಯೇ ಡ್ರೈವರ್ ಬರೆದಿರದಿದ್ದರೆ ನಿಮ್ಮ ಹಳೆಯ ಪ್ರಿಂಟರೂ ಟೋಕನ್ನೂ ಮೂಕವಾಗಿ ಕೂರುತ್ತವೆ. ಲೆಕ್ಕ ಬರೆಯುವವರು 15.6 ಇಂಚಿನ ಯಂತ್ರಗಳನ್ನೇ ಕೇಳುವುದಕ್ಕೂ ಕಾರಣವಿದೆ. ಬಲಗಡೆಯ ಅಂಕಿಗಳ ಕೀಲಿಗುಚ್ಛ 14 ಇಂಚಿನವುಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ, ಮತ್ತು ಅದಿಲ್ಲದೆ ನೂರು ಬಿಲ್ಲು ನಮೂದಿಸುವ ಕಷ್ಟ ಒಂದು ದಿನ ಮಾಡಿ ನೋಡಿದವರಿಗೇ ಗೊತ್ತು.

ಕಂಪನಿಯಿಂದ ಹೊರಬಂದ ಯಂತ್ರಗಳು

ನನ್ನ ಒಲವು ಈ ದಾರಿಯ ಕಡೆಗಿದೆ, ಅದನ್ನು ಮುಚ್ಚಿಡುವುದಿಲ್ಲ. ದೊಡ್ಡ ಕಂಪನಿಗಳು ಲ್ಯಾಪ್‌ಟಾಪ್‌ಗಳನ್ನು ಸಾಮಾನ್ಯವಾಗಿ ಮೂರರಿಂದ ಐದು ವರ್ಷಕ್ಕೊಮ್ಮೆ ಬದಲಿಸುತ್ತವೆ, ಮತ್ತು ಹಾಗೆ ಬಿಟ್ಟದ್ದು ಒಟ್ಟೊಟ್ಟಾಗಿ ವ್ಯಾಪಾರಿಗಳ ಕೈ ಸೇರಿ, ಒರೆಸಿ, ಡಿಸ್ಕ್ ಬದಲಿಸಿ ‘ರಿಫರ್ಬಿಶ್ಡ್’ ಎಂಬ ಹೆಸರಿನಲ್ಲಿ ಮಾರಾಟಕ್ಕೆ ಬರುತ್ತದೆ. ಐಟಿ ಕಂಪನಿಗಳ ಊರಾದ ಬೆಂಗಳೂರಿನಲ್ಲಿ ಈ ಸರಕಿಗೆ ಬರವಿಲ್ಲ, ಎಸ್.ಪಿ. ರಸ್ತೆಯ ಇಕ್ಕೆಲದ ಅಂಗಡಿಗಳಲ್ಲಿ ಸಾಲುಸಾಲಾಗಿ ಜೋಡಿಸಿಟ್ಟಿರುತ್ತಾರೆ.

ಇವು ಹೊಸದಾಗಿದ್ದಾಗ ಮನೆಬಳಕೆಯ ಲ್ಯಾಪ್‌ಟಾಪ್‌ಗಿಂತ ಬಹಳ ಹೆಚ್ಚು ಬೆಲೆಬಾಳುತ್ತಿದ್ದವು, ಆ ಬೆಲೆ ಮೈಕಟ್ಟಿನಲ್ಲಿ ಕಾಣುತ್ತದೆ. 2018ರ ಲೆನೊವೊ ಥಿಂಕ್‌ಪ್ಯಾಡ್ ಟಿ480, ಡೆಲ್ ಲ್ಯಾಟಿಟ್ಯೂಡ್ 7490, ಎಚ್‌ಪಿ ಎಲೈಟ್‌ಬುಕ್ 840 ಜಿ5 ಎಂಬ ಮೂರೂ 14 ಇಂಚಿನವು, ಹೆಚ್ಚಾಗಿ ಎಂಟನೆಯ ಪೀಳಿಗೆಯ ಪ್ರೊಸೆಸರಿನವು, ಮೂರರಲ್ಲೂ ರ‍್ಯಾಮಿಗೆ ಎರಡೆರಡು ಕಿಂಡಿಗಳಿವೆ. ಟಿ480ರಲ್ಲಿ ಒಳಗೊಂದು, ಹೊರಗೊಂದು ಬ್ಯಾಟರಿ; ಹೊರಗಿನದನ್ನು ಯಂತ್ರ ಓಡುತ್ತಿರುವಾಗಲೇ ತೆಗೆದು ಇನ್ನೊಂದನ್ನು ಸಿಕ್ಕಿಸಬಹುದು. ಮೂರು ಕಂಪನಿಗಳೂ ಬಿಚ್ಚುವ ಜೋಡಿಸುವ ಕೈಪಿಡಿಗಳನ್ನು ತಮ್ಮ ಜಾಲತಾಣದಲ್ಲಿ ಎಲ್ಲರಿಗೂ ಇಟ್ಟಿವೆ, ಬಿಡಿಭಾಗಗಳು ಇಂದಿಗೂ ಸಿಗುತ್ತವೆ. ಹಾಸನದಲ್ಲೋ ಕೊಪ್ಪಳದಲ್ಲೋ ಇರುವ ಒಬ್ಬ ಒಳ್ಳೆಯ ಮೆಕ್ಯಾನಿಕ್ ಇವುಗಳನ್ನು ಬಿಚ್ಚಲು ಹೆದರುವುದಿಲ್ಲ.

ಆದರೂ 2018ರ ಯಂತ್ರಗಳನ್ನು ನಾನು ಇಂದು ಕಣ್ಣುಮುಚ್ಚಿ ಹೇಳಲಾರೆ. ಎಂಟನೆಯ ಪೀಳಿಗೆ ಎಂಬುದು ವಿಂಡೋಸ್ 11ರ ಹೊಸ್ತಿಲು. ಗೆರೆ ಮುಂದೊಮ್ಮೆ ಮೇಲೆ ಸರಿದರೆ ಮೊದಲು ಹೊರಗುಳಿಯುವವು ಇವೇ. ಬಜೆಟ್ ತುಸು ಎಳೆದರೆ ಮುಂದಿನ ಸಾಲಿನವು ಸಿಗುತ್ತವೆ: ಥಿಂಕ್‌ಪ್ಯಾಡ್ ಟಿ14ರ ಮೊದಲ ಅಥವಾ ಎರಡನೆಯ ಆವೃತ್ತಿ, ಲ್ಯಾಟಿಟ್ಯೂಡ್ 5420, ಎಲೈಟ್‌ಬುಕ್ 840 ಜಿ8. ಮೊದಲ ಟಿ14ರಲ್ಲಿ ಎಎಂಡಿ ಕಂಪನಿಯ ಆರು ಕೋರಿನ ಪ್ರೊಸೆಸರ್ ರೈಜನ್ 5 ಪ್ರೊ 4650ಯು ಇರುವ ಮಾದರಿ ಸಿಕ್ಕರೆ ಅದು ನನ್ನ ಮೊದಲ ಆಯ್ಕೆ. ಹೆಸರಿನಲ್ಲಿ ಒಂದಕ್ಷರ ನೋಡಿಕೊಳ್ಳಬೇಕು. ಟಿ14ರಲ್ಲಿ ಸ್ವಲ್ಪ ರ‍್ಯಾಮ್ ಬೋರ್ಡಿಗೆ ಬೆಸುಗೆಯಾಗಿದ್ದು ಒಂದು ಕಿಂಡಿ ಖಾಲಿ ಸಿಗುತ್ತದೆ. ತೆಳುವಾದ ಟಿ14ಎಸ್‌ನಲ್ಲಿ ಅಷ್ಟೂ ಬೆಸುಗೆಯೇ, ಕೊಂಡಷ್ಟಕ್ಕೇ ತೃಪ್ತಿಪಡಬೇಕು.

ಮೋಸ ಹೋಗುವ ಜಾಗಗಳನ್ನು ವಿವರವಾಗಿಯೇ ಹೇಳುವೆ, ಏಕೆಂದರೆ ಒಮ್ಮೆ ಪೆಟ್ಟು ತಿಂದಿದ್ದೇನೆ. ಬಂಧುವೊಬ್ಬರ ಮಗನಿಗೆಂದು ಆರಿಸಿ ತಂದ ಲ್ಯಾಪ್‌ಟಾಪ್ ಒಂದು ತಿಂಗಳು ಚೆನ್ನಾಗಿಯೇ ಇತ್ತು. ಹುಡುಗ ಅದನ್ನು ರೀಸೆಟ್ ಮಾಡಿ ವೈಫೈಗೆ ಸೇರಿಸಿದ ಕೂಡಲೇ ಪರದೆಯ ಮೇಲೆ ಅದರ ಹಿಂದಿನ ಒಡೆಯ ಕಂಪನಿಯ ಲಾಗಿನ್ ಪುಟ ಬಂದು ನಿಂತಿತು. ಕಂಪನಿಗಳು ತಮ್ಮ ಯಂತ್ರಗಳ ಗುರುತನ್ನು ಆಟೋಪೈಲಟ್‌ನಂತಹ ವ್ಯವಸ್ಥೆಯಲ್ಲಿ ನೋಂದಾಯಿಸಿರುತ್ತವೆ. ಮಾರುವಾಗ ಅದನ್ನು ಅವರೇ ತೆಗೆದುಹಾಕದಿದ್ದರೆ ಎಷ್ಟು ಸಲ ವಿಂಡೋಸ್ ಹಾಕಿದರೂ ಬೀಗ ಮರಳಿ ಬರುತ್ತದೆ. ಅಂಗಡಿಯವರು ಮೂರು ವಾರ ಅಲೆಸಿ ಕೊನೆಗೆ ಬೇರೆಯದನ್ನು ಕೊಟ್ಟರು, ಅದೂ ಬಿಲ್ಲು ಕೈಯಲ್ಲಿದ್ದುದರಿಂದ. ಆದ್ದರಿಂದ ಹಣ ಕೊಡುವ ಮೊದಲೇ ಅಂಗಡಿಯಲ್ಲಿ ಫೋನಿನ ಹಾಟ್‌ಸ್ಪಾಟ್‌ಗೆ ಜೋಡಿಸಿ ವಿಂಡೋಸನ್ನು ಮೊದಲಿನಿಂದ ರೀಸೆಟ್ ಮಾಡಿಸಬೇಕು. ‘ಅರ್ಧ ದಿನ ಹಿಡಿಯುತ್ತದೆ ಸಾರ್’ ಎಂದರೆ ಅರ್ಧ ದಿನ ಕಾಯಬೇಕು. ಬಯೋಸ್ (ವಿಂಡೋಸಿಗೂ ಮೊದಲು ಯಂತ್ರವನ್ನು ಎಬ್ಬಿಸುವ ತಂತ್ರಾಂಶ) ಒಳಗೆ ಪ್ರವೇಶಿಸಿ ಪಾಸ್‌ವರ್ಡ್ ಕೇಳುವುದಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಥಿಂಕ್‌ಪ್ಯಾಡ್‌ಗಳಲ್ಲಿ ಸೂಪರ್‌ವೈಸರ್ ಪಾಸ್‌ವರ್ಡ್ ಉಳಿದಿದ್ದರೆ ತಯಾರಕರು ಕೊಡುವ ಉತ್ತರ ಮದರ್‌ಬೋರ್ಡ್ ಬದಲಿಸಿ ಎಂಬುದೇ. ಅದೇ ಕಾಲದ ಥಿಂಕ್‌ಪ್ಯಾಡ್‌ಗಳಲ್ಲಿ, ಟಿ480 ಸೇರಿದಂತೆ, ಥಂಡರ್‌ಬೋಲ್ಟ್ ಫರ್ಮ್‌ವೇರ್ ದೋಷದಿಂದ ಟೈಪ್-ಸಿ ಪೋರ್ಟ್ ಕೆಡುವ ಸಮಸ್ಯೆಯಿತ್ತು. ಲೆನೊವೊ ತಿದ್ದುಪಡಿಯನ್ನು ಬಿಡುಗಡೆ ಮಾಡಿದೆ, ಆದರೆ ಹಿಂದಿನ ಒಡೆಯರು ಅದನ್ನು ಹಾಕಿದ್ದರೋ ಇಲ್ಲವೋ. ಚಾರ್ಜರನ್ನು ಸಿಕ್ಕಿಸಿ, ಪೆನ್‌ಡ್ರೈವ್ ಸಿಕ್ಕಿಸಿ, ಎರಡನ್ನೂ ನೋಡಿಯೇ ಏಳಬೇಕು.

ಬ್ಯಾಟರಿಯ ವಿಷಯದಲ್ಲಿ ಮಾರುವವರ ಬಾಯಿಮಾತಿಗಿಂತ ಯಂತ್ರದ ಮಾತು ನಂಬಬಹುದಾದದ್ದು. ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್‌ನಿಂದ ಬ್ಯಾಟರಿ ವರದಿಯೊಂದನ್ನು ತೆಗೆಯಬಹುದು. ಅದರಲ್ಲಿ ತಯಾರಾದಾಗಿನ ಸಾಮರ್ಥ್ಯ, ಈಗ ಪೂರ್ತಿ ಚಾರ್ಜಾದಾಗಿನ ಸಾಮರ್ಥ್ಯ ಎರಡೂ ಇರುತ್ತವೆ. ಎರಡನೆಯದು ಮೊದಲನೆಯದರ ಶೇ. 60ಕ್ಕಿಂತ ಕೆಳಗಿದ್ದರೆ ಹೊಸ ಬ್ಯಾಟರಿಯ ಬೆಲೆಯನ್ನು ಚೌಕಾಸಿಯಲ್ಲಿ ಇಳಿಸಿಕೊಳ್ಳುವುದು ನ್ಯಾಯ. ತಳದಲ್ಲಿರುವ ಸೀರಿಯಲ್ ಸಂಖ್ಯೆಯನ್ನು ತಯಾರಕರ ಜಾಲತಾಣದಲ್ಲಿ ಹಾಕಿದರೆ ಅದು ಯಾವಾಗ ಹೊರಟದ್ದು, ವಾರಂಟಿ ಎಂದು ಮುಗಿದಿದೆ ಎಂಬುದು ತಿಳಿಯುತ್ತದೆ. ‘ಎರಡೇ ವರ್ಷ ಹಳೆಯದು’ ಎಂಬ ಮಾತಿನ ಬಣ್ಣ ಅಲ್ಲಿ ಬಯಲಾಗುತ್ತದೆ.

ಹೊಸದನ್ನೇ ಕೊಳ್ಳುವುದಾದರೆ

ಹೊಸ ಲ್ಯಾಪ್‌ಟಾಪ್‌ಗೆ ಹೊಸತನದ ಲಾಭಗಳಿವೆ, ಅವನ್ನು ಅಲ್ಲಗಳೆಯಲಾಗದು: ಬ್ಯಾಟರಿ ತಾಜಾ, ವಾರಂಟಿ ತಯಾರಕರದೇ, ಮೈಭಾರ ಕಡಿಮೆ, ಕ್ಯಾಮೆರಾ ಒಂದಿಷ್ಟು ಮನುಷ್ಯರ ಮುಖವನ್ನು ಗುರುತು ಸಿಗುವಂತೆ ತೋರಿಸುತ್ತದೆ. ಜಿಎಸ್‌ಟಿ ನೋಂದಣಿ ಇರುವ ವ್ಯಾಪಾರಿಗೆ ಲ್ಯಾಪ್‌ಟಾಪ್ ಮೇಲಿನ ಶೇ. 18ರ ತೆರಿಗೆಯನ್ನು ಹೂಡುವಳಿ ತೆರಿಗೆಯಾಗಿ ಹೊಂದಿಸಿಕೊಳ್ಳುವ ಅವಕಾಶವಿರುವುದರಿಂದ ಹೊಸದರ ನಿಜವಾದ ಬೆಲೆ ಫಲಕದಲ್ಲಿ ಕಾಣುವುದಕ್ಕಿಂತ ಕಡಿಮೆ. ನನ್ನ ತಕರಾರಿರುವುದು ತೀರಾ ಕೆಳದರ್ಜೆಯ ಹೊಸ ಯಂತ್ರಗಳ ಬಗ್ಗೆ. ಸೆಲೆರಾನ್ ಎನ್4500 ಪ್ರೊಸೆಸರ್ ಇರುವ, 8 ಜಿಬಿ ರ‍್ಯಾಮ್ ಬೋರ್ಡಿಗೆ ಬೆಸುಗೆಯಾದ, ಪ್ಲಾಸ್ಟಿಕ್ ಹಿಂಜಿನ ಲ್ಯಾಪ್‌ಟಾಪ್ ಹೊಸದೇ ಆದರೂ ಎರಡು ವರ್ಷಕ್ಕೆ ಹಳೆಯದಾಗುತ್ತದೆ. ಅದೇ ಹಣಕ್ಕೆ ಸಿಗುವ ಹಳೆಯ ಲ್ಯಾಟಿಟ್ಯೂಡ್ ಮುಂದೆ ಅದು ನಿಲ್ಲುವುದಿಲ್ಲ.

ಹೆಸರುಗಳ ಬಲೆ ದೊಡ್ಡದು. ಎಎಂಡಿಯ 7000 ಸರಣಿಯಲ್ಲಿ ಮೊದಲ ಅಂಕಿ ಬಿಡುಗಡೆಯ ವರ್ಷದ ಗುರುತು ಮಾತ್ರ. ಒಳಗಿನ ಎಂಜಿನ್ ಯಾವ ಕಾಲದ್ದೆಂದು ಹೇಳುವುದು ಮೂರನೆಯ ಅಂಕಿ. ರೈಜನ್ 5 7520ಯು ಎಂಬುದರಲ್ಲಿ ಮೂರನೆಯ ಅಂಕಿ 2, ಅಂದರೆ 2019ರಲ್ಲಿ ಮೊದಲು ಬಂದ ಜೆನ್ 2 ವಿನ್ಯಾಸ, ನಾಲ್ಕು ಕೋರ್, ರ‍್ಯಾಮ್ ಬೆಸುಗೆ. ರೈಜನ್ 5 7530ಯುನಲ್ಲಿ ಅದು 3: ಜೆನ್ 3, ಆರು ಕೋರ್. ಅಂಗಡಿಯ ಫಲಕದಲ್ಲಿ ಎರಡೂ ‘ರೈಜನ್ 5, 7000 ಸರಣಿ’ ಎಂದೇ ಇರುತ್ತವೆ. ಇಂಟೆಲ್‌ನಲ್ಲಿಯೂ ಇಂಥದ್ದೇ ಗೊಂದಲ: ಐ3-ಎನ್305ರಲ್ಲಿ ಎಂಟು ಕೋರ್ ಇದ್ದರೂ ಎಲ್ಲವೂ ವಿದ್ಯುತ್ ಉಳಿಸುವ ಚಿಕ್ಕ ಕೋರ್‌ಗಳು, ಐ3-1215ಯುನ ಆರರಲ್ಲಿ ಎರಡು ದೊಡ್ಡವು, ದಿನಬಳಕೆಯಲ್ಲಿ ಚುರುಕು ಕಾಣುವುದು ಈ ಎರಡರಿಂದಲೇ. ‘ಕೋರ್ 5 120ಯು’ ಎಂಬ ಹೊಸ ಹೆಸರನ್ನು 2023ರ ಡಿಸೆಂಬರ್‌ನಲ್ಲಿ ಶುರುವಾದ ‘ಕೋರ್ ಅಲ್ಟ್ರಾ’ ವಿನ್ಯಾಸವೆಂದು ತಿಳಿಯಬಾರದು. ಅದು ಹಿಂದಿನ ಪೀಳಿಗೆಯದಕ್ಕೇ ಹೊಸ ಅಂಗಿ. ಅಂಗಿ ಹೊಸದೆಂದು ಆಳು ಕೆಟ್ಟವನಲ್ಲ, ಕೂಲಿ ಮಾತ್ರ ಹಳೆಯದಕ್ಕೆ ತಕ್ಕಂತಿರಲಿ.

ಹೊಸ ಯಂತ್ರದಲ್ಲಿ ನಾನು ಬಿಟ್ಟುಕೊಡದಿರುವುದು ಮೂರೇ ಸಂಗತಿ. ರ‍್ಯಾಮ್ 16 ಜಿಬಿ ಇರಬೇಕು, ಇಲ್ಲವೇ 8 ಜಿಬಿ ಜೊತೆಗೆ ಖಾಲಿ ಕಿಂಡಿ ಇರಬೇಕು. ಇದನ್ನು ಮಾರಾಟಗಾರರನ್ನು ಕೇಳುವುದಕ್ಕಿಂತ ತಯಾರಕರ ತಾಂತ್ರಿಕ ವಿವರಪಟ್ಟಿಯಲ್ಲಿ ‘ಆನ್‌ಬೋರ್ಡ್’ ಎಂಬ ಪದ ಇದೆಯೇ ಎಂದು ನೋಡುವುದು ಲೇಸು. ಚಾರ್ಜಿಂಗ್ ಟೈಪ್-ಸಿ ಮೂಲಕವೂ ಆಗಬೇಕು, ಆಗ ಚಾರ್ಜರ್ ಹೋದರೆ ಆ ಮಾದರಿಯ ಉದ್ದ ಪಿನ್ನಿಗಾಗಿ ಊರೂರು ಹುಡುಕುವುದು ತಪ್ಪುತ್ತದೆ. ಮೂರನೆಯದು ಪರದೆ. ವಿವರಪಟ್ಟಿಯಲ್ಲಿ ‘45% ಎನ್‌ಟಿಎಸ್‌ಸಿ’ ಎಂದಿದ್ದರೆ ಬಣ್ಣಗಳು ಸಪ್ಪೆ ಎಂದರ್ಥ, 250 ನಿಟ್ಸ್ (ಪರದೆಯ ಬೆಳಕಿನ ಅಳತೆ) ಎಂದಿದ್ದರೆ ಕಿಟಕಿಯ ಪಕ್ಕ ಕೂತಾಗ ಕಣ್ಣು ಕಿರಿದಾಗುತ್ತದೆ. ಓದುವ ಬರೆಯುವ ಕೆಲಸದವರಿಗೆ 16:10 ಅನುಪಾತದ ಪರದೆಯಲ್ಲಿ ಪುಟದ ನಾಲ್ಕಾರು ಸಾಲು ಹೆಚ್ಚು ಕಾಣುತ್ತದೆ, ಮತ್ತು ಒತ್ತಕ್ಷರ ತುಂಬಿದ ಕನ್ನಡದ ಸಾಲುಗಳಿಗೆ ಲಂಬದಲ್ಲಿ ಸ್ಥಳ ಬೇಕೇ ಬೇಕು.

ವಾರಂಟಿಯ ಮಾತು ಊರಿನ ಮೇಲೆ ಹೋಗುತ್ತದೆ. ಬೆಂಗಳೂರು, ಮೈಸೂರು, ಹುಬ್ಬಳ್ಳಿಯವರಿಗೆ ಸೇವಾ ಕೇಂದ್ರಕ್ಕೆ ಹೊತ್ತು ಹೋಗುವುದು ಒಂದು ಮಧ್ಯಾಹ್ನದ ಕೆಲಸ. ಸಿರಸಿ, ಸುಳ್ಯ, ಔರಾದ್ ಕಡೆಯವರಿಗೆ ಅದು ಬಸ್ಸಿನ ಪ್ರಯಾಣ. ಅಂಥವರು ತಂತ್ರಜ್ಞರೇ ಮನೆಗೆ ಬರುವ ಆನ್‌ಸೈಟ್ ವಾರಂಟಿ ತಮ್ಮ ಪಿನ್‌ಕೋಡ್‌ಗೆ ನಿಜಕ್ಕೂ ಅನ್ವಯಿಸುತ್ತದೆಯೇ ಎಂದು ಕೊಳ್ಳುವ ಮೊದಲೇ ತಯಾರಕರ ಸಹಾಯವಾಣಿಯಲ್ಲಿ ಕೇಳಿ ತಿಳಿದುಕೊಳ್ಳಬೇಕು. ಅನ್ವಯಿಸದಿದ್ದರೆ ಹೊಸದರ ಒಂದು ದೊಡ್ಡ ಅನುಕೂಲ ಅಲ್ಲಿಗೇ ಕರಗಿತು. ಮಳೆಗಾಲದಲ್ಲಿ ಕರೆಂಟು ಗಂಟೆಗಟ್ಟಲೆ ಹೋಗುವ ಮಲೆನಾಡಿನ ಮನೆಗೆ ಬ್ಯಾಟರಿ ತೂಕ ಹೆಚ್ಚು. ಸದಾ ಚಾರ್ಜರಿನಲ್ಲೇ ಇರುವ ಅಂಗಡಿ ಗಲ್ಲಾದ ಯಂತ್ರಕ್ಕೆ ಅದು ಅಷ್ಟು ಮುಖ್ಯವಲ್ಲ, ಅಲ್ಲಿ ಚಾರ್ಜನ್ನು ಶೇ. 80ಕ್ಕೆ ನಿಲ್ಲಿಸುವ ಸೌಲಭ್ಯವಿದ್ದರೆ ಬ್ಯಾಟರಿ ಹೆಚ್ಚು ಕಾಲ ಬಾಳುತ್ತದೆ.

ಇಂಜಿನಿಯರಿಂಗ್ ಸೇರುವ ಮಕ್ಕಳ ತಂದೆತಾಯಿ ಕೇಳುವ ‘ಗೇಮಿಂಗ್ ಲ್ಯಾಪ್‌ಟಾಪ್ ಬೇಕೇ’ ಎಂಬ ಪ್ರಶ್ನೆಗೆ ಉತ್ತರ ಚಿಕ್ಕದು. ಮೆಕ್ಯಾನಿಕಲ್, ಆರ್ಕಿಟೆಕ್ಚರ್ ವಿದ್ಯಾರ್ಥಿಗಳ ಮೂರು ಆಯಾಮದ ವಿನ್ಯಾಸದ ಕೆಲಸಕ್ಕೆ ಪ್ರತ್ಯೇಕ ಗ್ರಾಫಿಕ್ಸ್ ಉಪಯುಕ್ತ. ಕಂಪ್ಯೂಟರ್ ಸೈನ್ಸ್‌ನವರಿಗೆ ಮೊದಲ ವರ್ಷಗಳಲ್ಲಿ ಅದರ ಅಗತ್ಯವಿಲ್ಲ, ಎರಡೂವರೆ ಕಿಲೋ ತೂಕ ಮತ್ತು ಇಟ್ಟಿಗೆಯಂತಹ ಚಾರ್ಜರನ್ನು ಹಾಸ್ಟೆಲಿನಿಂದ ತರಗತಿಗೆ ಹೊರುವ ಶಿಕ್ಷೆ ಮಾತ್ರ ಇದೆ.

ಮ್ಯಾಕ್ ಮತ್ತು ಕ್ರೋಮ್‌ಬುಕ್

ನುಡಿ, ಟ್ಯಾಲಿ, ಟೋಕನ್‌ಗಳ ಹಂಗಿಲ್ಲದವರಿಗೆ ಮ್ಯಾಕ್‌ಬುಕ್ ಏರ್ ಒಂದು ಗಟ್ಟಿ ಆಯ್ಕೆ. ಫ್ಯಾನೇ ಇಲ್ಲದ್ದರಿಂದ ಸದ್ದಿಲ್ಲ, ಬ್ಯಾಟರಿ ದಿನವಿಡೀ ಬರುತ್ತದೆ. 2025ರ ಮಾರ್ಚ್‌ನಲ್ಲಿ ಎಂ4 ಏರ್ ಭಾರತಕ್ಕೆ ಬಂದಾಗಿನ ಆರಂಭಿಕ ಬೆಲೆ 99,900 ರೂಪಾಯಿ, 16 ಜಿಬಿ ಮೆಮೊರಿಯೊಂದಿಗೆ. ಮೆಮೊರಿಯನ್ನೂ ಡಿಸ್ಕನ್ನೂ ಆಮೇಲೆ ಹೆಚ್ಚಿಸಲು ಬರುವುದಿಲ್ಲ. ಹಳೆಯ ಮ್ಯಾಕ್ ಕೊಳ್ಳುವವರು 2020ರ ನವೆಂಬರ್‌ನ ಎಂ1, ಅಂದರೆ ಆಪಲ್‌ನದೇ ಪ್ರೊಸೆಸರ್ ಇರುವ ಯಂತ್ರಕ್ಕಿಂತ ಹಿಂದಕ್ಕೆ ಹೋಗಲೇಬಾರದು. ಇಂಟೆಲ್ ಮ್ಯಾಕ್‌ಗಳಿಗೆ ಸಿಗುವ ಕಾರ್ಯಾಚರಣ ವ್ಯವಸ್ಥೆಯ ಕೊನೆಯ ಆವೃತ್ತಿ 2025ರ ‘ಟಾಹೋ’ ಎಂದು ಆಪಲ್ ತಾನೇ ಪ್ರಕಟಿಸಿರುವುದರಿಂದ, ಇಂಟೆಲ್ ಮ್ಯಾಕ್‌ಬುಕ್ ‘ಅರ್ಧ ಬೆಲೆಗೆ’ ಎಂಬುದು ಬಲೆ. ಎಂ1 ಕೊಳ್ಳುವಾಗಲೂ ಹಿಂದಿನವರ ಆಪಲ್ ಐಡಿಯಿಂದ ಆಕ್ಟಿವೇಶನ್ ಲಾಕ್ ಕಳಚಿದೆಯೇ ಎಂದು ಎದುರಿಗೇ ನೋಡಬೇಕು, ಇಲ್ಲದಿದ್ದರೆ ಕೈಗೆ ಬಂದ ತುತ್ತು ಬಾಯಿಗೆ ಬರುವುದಿಲ್ಲ.

ವಿಂಡೋಸ್ ಬದಲು ಗೂಗಲ್‌ನ ಕ್ರೋಮ್ ವ್ಯವಸ್ಥೆಯ ಮೇಲೆ ಓಡುವ ಕ್ರೋಮ್‌ಬುಕ್, ಬ್ರೌಸರಿನಲ್ಲೇ ದಿನ ಕಳೆಯುವವರಿಗೆ, ಶಾಲಾಮಕ್ಕಳಿಗೆ ಸರಿ. 2021ರಿಂದೀಚಿನವಕ್ಕೆ ಗೂಗಲ್ ಹತ್ತು ವರ್ಷದ ಅಪ್‌ಡೇಟ್ ಘೋಷಿಸಿದೆ. ಎಣಿಕೆ ಮಾತ್ರ ಆ ಮಾದರಿಯ ವೇದಿಕೆ ಬಿಡುಗಡೆಯಾದ ದಿನದಿಂದ, ನೀವು ಕೊಂಡ ದಿನದಿಂದಲ್ಲ. ರಿಯಾಯಿತಿಯಲ್ಲಿ ಸಿಗುವ ಹಳೆಯ ದಾಸ್ತಾನಿನಲ್ಲಿ ಆ ಹತ್ತರಲ್ಲಿ ಐದು ಆಗಲೇ ಕಳೆದಿರಬಹುದು.

ಹೆಸರು ಹೇಳಿ ಎಂದರೆ

ಮನೆಯ ಸಾಮಾನ್ಯ ಬಳಕೆ, ಕನ್ನಡ ಟೈಪಿಂಗ್, ಮೂವತ್ತು ಸಾವಿರದೊಳಗಿನ ಕೈಯಳತೆ: ಹತ್ತನೆಯ ಅಥವಾ ಹನ್ನೊಂದನೆಯ ಪೀಳಿಗೆಯ ರಿಫರ್ಬಿಶ್ಡ್ ಟಿ14 ಇಲ್ಲವೇ ಲ್ಯಾಟಿಟ್ಯೂಡ್, ಲಿಖಿತ ವಾರಂಟಿ ಕೊಡುವ ಅಂಗಡಿಯಿಂದ. ಹತ್ತಿರದಲ್ಲಿ ನಂಬಬಹುದಾದ ಮೆಕ್ಯಾನಿಕ್ ಇಲ್ಲದ, ಯಂತ್ರ ಬಿಚ್ಚುವುದೆಂದರೆ ಅಂಜುವ ಕುಟುಂಬ: 7530ಯು ಅಥವಾ ಐ5-1235ಯು ದರ್ಜೆಯ, 16 ಜಿಬಿಯ ಹೊಸ ಯಂತ್ರ, ಆನ್‌ಸೈಟ್ ವಾರಂಟಿಯೊಂದಿಗೆ. ಹಣ ಈಗ ಇಲ್ಲವೇ ಇಲ್ಲವೆನ್ನುವವರು ಹಳೆಯದಕ್ಕೆ ಎಸ್‌ಎಸ್‌ಡಿ ಮತ್ತು ಲಿನಕ್ಸ್ ಹಾಕಿ ಒಂದೆರಡು ವರ್ಷ ನೂಕಬಹುದು. ಆ ಎಸ್‌ಎಸ್‌ಡಿ ಮುಂದೆ ಹೊರಗಿನ ಬ್ಯಾಕಪ್ ಡಿಸ್ಕ್ ಆಗಿಯೂ ಬಳಕೆಗೆ ಬರುತ್ತದೆ, ಖರ್ಚು ವ್ಯರ್ಥವಲ್ಲ.

ಹಳೆಯದರಿಂದ ಹೊಸದಕ್ಕೆ ದಾಟುವಾಗ ಒಂದು ಎಚ್ಚರಿಕೆ. ವಿಂಡೋಸ್ 11 ಇರುವ ಅನೇಕ ಯಂತ್ರಗಳಲ್ಲಿ ಡಿಸ್ಕ್ ತಾನಾಗಿಯೇ ಗೂಢಲಿಪೀಕರಣಗೊಂಡಿರುತ್ತದೆ. ಮುಂದೆ ಬೋರ್ಡ್ ಸತ್ತು ಡಿಸ್ಕನ್ನು ಮಾತ್ರ ಹೊರತೆಗೆದರೆ ಬಿಟ್‌ಲಾಕರ್ ಎಂಬ ಆ ಬೀಗದ ಕೀಲಿಯಿಲ್ಲದೆ ಅದು ತೆರೆಯದು. ಆ 48 ಅಂಕಿಗಳ ಕೀಲಿ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿದೆಯೇ ಎಂದು ಹೊಸ ಯಂತ್ರದ ಮೊದಲ ದಿನವೇ ನೋಡಿ, ಒಂದು ಕಾಗದದಲ್ಲೂ ಬರೆದಿಟ್ಟುಕೊಳ್ಳಬೇಕು. ಹಳೆಯ ಲ್ಯಾಪ್‌ಟಾಪಿನ ಉಳಿಕೆಯನ್ನು, ಮುಖ್ಯವಾಗಿ ಬ್ಯಾಟರಿಯನ್ನು, ಕಸದ ಬುಟ್ಟಿಗೆ ಹಾಕುವಂತಿಲ್ಲ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ಪ್ರಕಾರ ಲ್ಯಾಪ್‌ಟಾಪಿನ ಮರುಬಳಕೆಯ ಹೊಣೆ ತಯಾರಕರ ಮೇಲೂ ಇದೆ, ಅಧಿಕೃತ ಸಂಗ್ರಹಕಾರರಿಗೆ ಒಪ್ಪಿಸಬಹುದು. ಹಳೆಯ ಯಂತ್ರದ ಹಾರ್ಡ್ ಡಿಸ್ಕನ್ನು ಮಾತ್ರ ಕಳಚಿ, ಅಳಿಸದೆ, ಆರು ತಿಂಗಳು ಕಪಾಟಿನಲ್ಲಿಟ್ಟಿರಬೇಕು. ಎಲ್ಲವನ್ನೂ ನಕಲಿಸಿಕೊಂಡೆವೆಂದು ನಿಶ್ಚಿಂತೆಯಾದ ಮೇಲೆಯೇ, ಅಜ್ಜಿಯ ದನಿ ಮುದ್ರಿಸಿಟ್ಟ ಫೋಲ್ಡರ್ ‘ಡೌನ್‌ಲೋಡ್ಸ್’ ಒಳಗೆಲ್ಲೋ ಇತ್ತೆಂದು ಮನೆಯವರಿಗೆ ನೆನಪಾಗುವುದು.